ಇಂಗ್ಲಿಷಿನ ಭೂತ, ಕನ್ನಡದ ಭೂತ

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು ಇಂಗ್ಲಿಷ್ ವ್ಯಾಕರಣದ ಮಾತೆತ್ತಿದರೆ, ನೆರೆಯವರ ಹೊಲಕ್ಕೆ ದನ ಬಿಟ್ಟ ಹಾಗಾಯಿತೆಂದು ಇಂಗ್ಲಿಷ್ ವಿಭಾಗದ ನನ್ನ ಮಿತ್ರರು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ಅವರ ಹೊಲದ ಬಳ್ಳಿ ನಮ್ಮ ಹೊಲದೊಳಕ್ಕೆ ಹಬ್ಬಿ ಬಹುಕಾಲವಾಯಿತು. ಯಾವುದು ಯಾರದೆಂದು ತಿಳಿಯಬೇಕಾದರೆ ಒಮ್ಮೆಯಾದರೂ ಬೇಲಿ ದಾಟಿ ನೋಡಬೇಕಾಗುತ್ತದೆ.

ಸಂಗತಿ ಹೀಗಾಯಿತು. ನಮ್ಮ ಬಿ.ಎ. ತರಗತಿಯಲ್ಲಿ ಅನುವಾದದ ಪಾಠ ನನ್ನ ಪಾಲಿಗೆ ಬಂದಿದೆ. ಹೊಸಪೇಟೆಯ ಹುಡುಗರಿಗೆ ಹಂಪಿಯನ್ನು ಬಿಟ್ಟು ಬೇರೆ ಏನನ್ನು ಕೊಡುವುದೆಂದು, ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸದಿಂದ ಒಂದು ಪುಟವನ್ನು ಆರಿಸಿದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಪೋರ್ಚುಗೀಸರ ಡೊಮಿಂಗೊ ಪಾಯಸ್ ಎಂಬವನು ಈ ನಗರಕ್ಕೆ ಬಂದು ಕಂಡದ್ದನ್ನೆಲ್ಲ ಬರೆದಿಟ್ಟ. ಅದನ್ನು ಸಿವೆಲ್ ಇಂಗ್ಲಿಷಿಗೆ ತಿರುಗಿಸಿ ತನ್ನ ಪುಸ್ತಕದಲ್ಲಿ ಸೇರಿಸಿದ್ದಾನೆ. ಪಾಯಸ್ ಗುಡ್ಡವೊಂದನ್ನು ಏರಿ ನಗರವನ್ನು ನೋಡುವ ಭಾಗವನ್ನು ನಾನು ಕೊಟ್ಟದ್ದು. ಒಂದೇ ಕಡೆಯಿಂದ ಊರೆಲ್ಲ ಕಾಣುವುದಿಲ್ಲವೆನ್ನುತ್ತಾನೆ. ಕಂಡಷ್ಟೇ ತನಗೆ ರೋಮಿನಷ್ಟು ದೊಡ್ಡದಾಗಿ ತೋರಿತೆನ್ನುತ್ತಾನೆ. ಮನೆಗಳ ತೋಟಗಳಲ್ಲಿ ಮರಗಳ ಗುಂಪುಗಳು, ನಡುನಡುವೆ ನೀರಿನ ಕಾಲುವೆಗಳು, ಅಲ್ಲಲ್ಲಿ ಕೆರೆಗಳು. ಜನಸಂಖ್ಯೆಯನ್ನು ಬರೆದರೆ ಓದಿದವರು ಕಟ್ಟುಕಥೆ ಎಂದಾರೆಂಬ ಅಂಜಿಕೆ.

ಪತ್ರಿಕೆಗಳು ಬಂದವು. ಮೂವತ್ತಕ್ಕೆ ಮೀರಿದ ಆ ಪತ್ರಿಕೆಗಳಲ್ಲಿ ಎರಡನ್ನೋ ಮೂರನ್ನೋ ಬಿಟ್ಟರೆ ಉಳಿದವೆಲ್ಲ ಒಂದೇ ಕೈಯಿಂದ ಬಂದಂತಿದ್ದವು. ಮರಗಳಿದ್ದವು. ಕಾಲುವೆಗಳು ಹರಿಯುತ್ತಿದ್ದವು. ಕೆರೆಗಳಿದ್ದವು. ಜನ ಲೆಕ್ಕವಿಲ್ಲದಷ್ಟಿದ್ದರು. ಕನ್ನಡವೇನೋ ನಿರ್ದುಷ್ಟವಾಗಿದೆ, ಈ ದಿನಗಳಲ್ಲಿ ಅಷ್ಟು ಕಂಡರೂ ಮೇಷ್ಟರಾದವನು ಸಂತೋಷಪಡಬೇಕು. ತೊಂದರೆ ಇಷ್ಟೇ: ಪಾಯಸ್ ಹಾಗೆ ಬರೆದಿಲ್ಲ. ಗುಡ್ಡ ಹತ್ತಿದ್ದು, ಊರನ್ನು ಕಂಡದ್ದು, ಅದು ರೋಮಿನಂತೆ ತೋರಿದ್ದು, ಇವು ಸಿವೆಲ್ಲನ ಇಂಗ್ಲಿಷಿನಲ್ಲಿ ಭೂತಕಾಲ. ಮರ, ಕಾಲುವೆ, ಕೆರೆ, ಜನ, ಇವೆಲ್ಲ ವರ್ತಮಾನ. ಅವನು ಹತ್ತಿ ಇಳಿದದ್ದು ಮುಗಿದ ಕಥೆ, ಊರು ಮುಗಿದಿಲ್ಲ. ಅದೇ ಪುಸ್ತಕದಲ್ಲಿ ಮುಂದೆ ಬರುವ ನ್ಯೂನಿಜ್, 1535ರ ಸುಮಾರಿನವನು, ಹಿಂದಿನ ಅರಸರ ಕಥೆಯನ್ನು ಭೂತಕಾಲದಲ್ಲಿ ಹೇಳುತ್ತಾನೆ; ಅದು ಸರಿಯೇ. ಸಿವೆಲ್ಲನಿಗಂತೂ ಕಂಡದ್ದು ಹಾಳು ಊರು; ಅವನಿಗೂ ಭೂತಕಾಲವೇ ಸರಿ. ಗುಡ್ಡದ ಮೇಲೆ ನಿಂತ ಪಾಯಸನಿಗೆ ಮಾತ್ರ ಅದು ‘ಇದೆ’.

ಏಕೆ ಹೀಗೆ ಬದಲಾಯಿಸಿದಿರೆಂದು ತರಗತಿಯಲ್ಲಿ ಕೇಳಿದೆ. ಕಮಲಾಪುರದ ಕಡೆಯ ಹುಡುಗನೊಬ್ಬ, ಚೆನ್ನಾಗಿ ಓದುವವನು, ಎದ್ದು ನಿಂತು, “ಅದೆಲ್ಲ ಹಾಳಾಗಿ ಹೋಗೈತಲ್ರಿ ಸರ್, ‘ಇದೆ’ ಅಂತ ಹೆಂಗ ಬರೆಯಾದು?” ಎಂದ. ನಗುವ ಉತ್ತರವಲ್ಲ ಅದು. 1565ರ ಯುದ್ಧವನ್ನು ಬಲ್ಲವನ ಉತ್ತರ. ಪಾಯಸನ ಗುಡ್ಡದ ಮೇಲೆ ನಿಂತು ನೋಡದೆ ಅವನು ತನ್ನ ಗುಡ್ಡದ ಮೇಲೆ ನಿಂತು ನೋಡಿದ. “ನಿಮ್ಮ ತಂದೆಯ ಬಾಳೆತೋಟಕ್ಕೆ ನೀರು ಎಲ್ಲಿಂದ ಬರುತ್ತದಪ್ಪಾ?” ಎಂದು ಕೇಳಿದೆ. “ತುರ್ತು ಕಾಲುವೆಯಿಂದ” ಎಂದ. ವಿಜಯನಗರದ ಅರಸರ ಕಾಲದ ಕಾಲುವೆ ಅದು. ಐದು ನೂರು ವರ್ಷಗಳ ಮೇಲೆ ಇಂದಿಗೂ ಹಂಪಿಯ ಬಂಡೆಗಳ ನಡುವೆ ಹಾದು ಬಾಳೆಗೆ ನೀರುಣಿಸುತ್ತಿದೆ. ಆ ನೀರಿನಿಂದ ಬೆಳೆದ ಬಾಳೆಯನ್ನು ಮಾರಿ ಕಾಲೇಜಿನ ಫೀಸು ಕಟ್ಟಿದ ಹುಡುಗ, ಕಾಲುವೆಗಳು ಹರಿಯುತ್ತಿದ್ದವೆಂದು ಬರೆದಿದ್ದಾನೆ!

ಅವನನ್ನು ಆಕ್ಷೇಪಿಸುವುದಕ್ಕೆ ಮೊದಲು ಅವನಿಗೆ ಇದನ್ನು ಕಲಿಸಿದವರನ್ನು ಆಕ್ಷೇಪಿಸಬೇಕು. ಹಂಪಿಯ ಮೇಲೆ ನಾವು ಕನ್ನಡದಲ್ಲಿ ಬರೆಯುವ ಕೈಪಿಡಿಗಳೂ ಮಕ್ಕಳ ಪಾಠಗಳೂ ಬಹುಮಟ್ಟಿಗೆ ಇಂಗ್ಲಿಷ್ ಪುಸ್ತಕಗಳ ಮಕ್ಕಳು, ಮೊಮ್ಮಕ್ಕಳು. ಅಲ್ಲಿ ‘ವಾಸ್’ ಎಂದಿದ್ದರೆ ಇಲ್ಲಿ ‘ಆಗಿತ್ತು’; ಅಲ್ಲಿ ‘ಇಸ್’ ಎಂದಿದ್ದರೂ ಇಲ್ಲಿ ಎಷ್ಟೋ ಸಲ ‘ಆಗಿತ್ತು’. ವಿರೂಪಾಕ್ಷನಿಗೆ ಈ ಬೆಳಿಗ್ಗೆಯೂ ಪೂಜೆಯಾಗಿದೆ, ಗಂಟೆ ಬಾರಿಸಿದೆ. ಆದರೂ ವಿರೂಪಾಕ್ಷ ದೇವಾಲಯವು ಒಂದು ಪ್ರಮುಖ ಯಾತ್ರಾಸ್ಥಳವಾಗಿತ್ತು ಎಂಬಂಥ ವಾಕ್ಯವನ್ನು ನಾನು ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ವರ್ಷಕ್ಕೆ ಹತ್ತಾರು ಸಲ ತಿದ್ದುತ್ತೇನೆ.

ಹಂಪಿಯ ಬೀದಿಯಲ್ಲಿ ಮುತ್ತುರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರಿದ ಮಾತನ್ನೇ ತೆಗೆದುಕೊಳ್ಳಿ. ನಮ್ಮ ಕಡೆಯ ಮಕ್ಕಳು ಅಕ್ಷರ ಕಲಿಯುವುದಕ್ಕೆ ಮೊದಲೇ ಇದನ್ನು ಕಲಿಯುತ್ತಾರೆ. ಅಜ್ಜಿ ಹೇಳುವಾಗ ಅದು “ಅಳೆದು ಮಾರುತ್ತಿದ್ದರಂತೆ”. ಪಠ್ಯಪುಸ್ತಕಕ್ಕೆ ಬರುವಷ್ಟರಲ್ಲಿ ಅದು “ಮಾರುತ್ತಿದ್ದರು”. ಕೊನೆಯ ‘ಅಂತೆ’ ಎಲ್ಲಿ ಬಿದ್ದುಹೋಯಿತು? ಇಂಗ್ಲಿಷಿನ ದಾರಿಯಲ್ಲಿ ಬಿದ್ದಿತೆಂದು ನನ್ನ ಗುಮಾನಿ. ‘ಸೋಲ್ಡ್’ ಎಂಬ ಕ್ರಿಯಾಪದಕ್ಕೆ ‘ಅಂತೆ’ ಇಲ್ಲ. ಹೇಳುವವನು ಕಣ್ಣಾರೆ ಕಂಡನೋ ಕಿವಿಯಾರೆ ಕೇಳಿದನೋ ಅದು ಕೇಳುವುದಿಲ್ಲ. ಒಂದು ಸಲ ಮಾರಿದರೋ ದಿನವೂ ಮಾರುತ್ತಿದ್ದರೋ ಅದನ್ನೂ ಅದು ಕಡ್ಡಾಯವಾಗಿ ಕೇಳುವುದಿಲ್ಲ; ಹಿಂದುಮುಂದಿನ ಮಾತಿನಿಂದ ಓದುಗ ಊಹಿಸಿಕೊಳ್ಳಬೇಕು. ಕನ್ನಡದಲ್ಲಿ ಹಾಗಲ್ಲ. ‘ಮಾರಿದರು’ ಎಂದೊಡನೆ ಒಂದು ದಿನದ ವ್ಯಾಪಾರ ಕಣ್ಣಿಗೆ ಕಟ್ಟುತ್ತದೆ, ‘ಮಾರುತ್ತಿದ್ದರು’ ಎಂದರೆ ಬೀದಿಯ ರೂಢಿ, ‘ಮಾರುತ್ತಿದ್ದರಂತೆ’ ಎಂದರೆ ಅಜ್ಜಿಯ ಪ್ರಾಮಾಣಿಕತೆ. ಇತಿಹಾಸವನ್ನು ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ವ್ಯಾಕರಣ ಬೇಕೆ? ಅದನ್ನು ನಾವು ಅಡುಗೆಮನೆಗೆ ಕಳುಹಿಸಿ, ಪಡಸಾಲೆಯಲ್ಲಿ ಅನುವಾದದ ‘ದ್ದರು’ವನ್ನು ಕೂರಿಸಿದ್ದೇವೆ.

ಇಂಗ್ಲಿಷಿನ ಭೂತಕಾಲ ಬಡವಾದದ್ದೆಂದು ಇದರ ಅರ್ಥವಲ್ಲ. ಅದು ಕೇಳುವ ಪ್ರಶ್ನೆಗಳೇ ಬೇರೆ. ನೀನು ಹೇಳುತ್ತಿರುವುದು ಈ ಗಳಿಗೆಯಿಂದ ಕಡಿದುಹೋಗಿದೆಯೋ, ಇನ್ನೂ ಅಂಟಿಕೊಂಡಿದೆಯೋ? ಕಡಿದಿದ್ದರೆ ‘ಸಾ’, ಅಂಟಿದ್ದರೆ ‘ಹ್ಯಾವ್ ಸೀನ್’. ಅದರ ಮುಂದೆ ನಡೆದ ಇನ್ನೊಂದು ಸಂಗತಿ ಉಂಟೋ? ಉಂಟಾದರೆ ‘ಹ್ಯಾಡ್ ಸೀನ್’. ಈ ಪ್ರಶ್ನೆಗಳನ್ನು ಕನ್ನಡ ಇದೇ ರೀತಿಯಲ್ಲಿ ಕೇಳುವುದಿಲ್ಲ. ಆದ್ದರಿಂದಲೇ ಅವುಗಳಿಗೆ ಉತ್ತರಿಸುವ ಅಭ್ಯಾಸ ನಮಗಿಲ್ಲ.

ನಮ್ಮ ಶಾಲೆಗಳು ಇದನ್ನು ಹೇಗೆ ಕಲಿಸುತ್ತವೆ? ಕಪ್ಪುಹಲಗೆಯ ಮೇಲೆ ಮೂರು ಮನೆಗಳ ಒಂದು ಪಟ್ಟಿ. ‘ಕಮ್’ ಎಂದರೆ ಬರುತ್ತೇನೆ, ವರ್ತಮಾನ. ‘ಕೇಮ್’ ಎಂದರೆ ಬಂದೆನು, ಭೂತ. ‘ವಿಲ್ ಕಮ್’ ಎಂದರೆ ಬರುವೆನು, ಭವಿಷ್ಯತ್. ಪ್ರತಿಯೊಂದಕ್ಕೂ ನಾಲ್ಕು ನಾಲ್ಕು ಕೊಂಬೆಗಳು, ಒಟ್ಟು ಹನ್ನೆರಡು. ನಾನೂ ಹುಡುಗನಾಗಿದ್ದಾಗ ಇದನ್ನು ಮಗ್ಗಿಯಂತೆ ಒಪ್ಪಿಸಿದವನು. 1930ರ ದಶಕದಿಂದ ನಮ್ಮ ದೇಶದ ಹೈಸ್ಕೂಲುಗಳನ್ನು ಆಳಿದ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣದಲ್ಲಿ ಈ ಪಟ್ಟಿಯೂ ಇದೆ, ನಿಯಮಗಳೂ ಇವೆ, ನಿಯಮಗಳು ತಪ್ಪಲ್ಲ. (ಆ ರೆನ್ ಮಹಾಶಯನೇ ಮರಳುಗಾಡಿನ ಸೈನಿಕರ ಸಾಹಸಗಳ ಬಗ್ಗೆ ಹೆಸರಾಂತ ಕಾದಂಬರಿ ಬರೆದವನೂ ಹೌದು. ವ್ಯಾಕರಣ ಬರೆದ ಕೈಗೆ ಕಾದಂಬರಿಯೂ ಬರುತ್ತದೆಂಬುದು ನನ್ನಂಥವರಿಗೆ ಸಮಾಧಾನದ ವಿಷಯ.) ಆದರೆ ಆ ಪುಸ್ತಕ ಇಡೀ ಭರತಖಂಡದ ಮಕ್ಕಳಿಗೆ ಒಂದೇ ಅಳತೆಯಲ್ಲಿ ಹೊಲಿದ ಅಂಗಿ. ಕನ್ನಡದ ಹುಡುಗ ಎಲ್ಲಿ ಎಡವುತ್ತಾನೆ, ತಮಿಳು ಹುಡುಗ ಎಲ್ಲಿ, ಬಂಗಾಳಿ ಹುಡುಗ ಎಲ್ಲಿ ಎಂಬುದು ಅದಕ್ಕೆ ತಿಳಿಯಬೇಕಾದ ಕಾರಣವಿರಲಿಲ್ಲ. ತಿಳಿಯಬೇಕಾದ್ದು ಕನ್ನಡದಲ್ಲಿ ಇಂಗ್ಲಿಷ್ ಕಲಿಸುವ ಪುಸ್ತಕಗಳನ್ನು ಬರೆದ ನಮ್ಮವರಿಗೆ. ನನ್ನ ಕೈಗೆ ಬಂದ ಅಂಥ ಪುಸ್ತಕಗಳಲ್ಲೆಲ್ಲ ಆ ಪಟ್ಟಿಯೇ ಇದೆ. ಎದುರಿಗೆ ಕನ್ನಡದ ಒಂದೊಂದು ರೂಪವನ್ನು ಅಂಟಿಸಿ ಕೈತೊಳೆದುಕೊಂಡಿದ್ದಾರೆ.

ಅಂಟಿಸಿದ್ದು ಎಲ್ಲಿ ಬಿಟ್ಟುಕೊಳ್ಳುತ್ತದೆಂದು ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ಹೊಸಪೇಟೆಯ ಯಾವುದಾದರೂ ಹೋಟೆಲಿನಲ್ಲಿ ಕುಳಿತು “ಇಲ್ಲಿ ನೀರು” ಎಂದು ಕೂಗಿ. ಆಚೆಯ ಮೇಜಿಗೆ ದೋಸೆ ಹೊತ್ತು ಹೋಗುತ್ತಿರುವ ಹುಡುಗ ತಿರುಗಿ ನೋಡದೆ “ಬಂದೆ ಸರ್” ಎನ್ನುತ್ತಾನೆ. ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ಪಟ್ಟಿಯ ಪ್ರಕಾರ ಇದು ಭೂತಕಾಲ. ಬಸ್ ನಿಲ್ದಾಣದಲ್ಲಿ ಸಂಡೂರು ಬಸ್ಸು ಇನ್ನೂ ಗುರುಗುಟ್ಟುತ್ತ ನಿಂತಿರುವಾಗಲೇ “ಹೋಯ್ತು, ಹೋಯ್ತು, ಓಡು!” ಎನ್ನುತ್ತೇವೆ. ಕಟ್ಟೆಯ ಅಂಚಿಗೆ ಹೋದ ಮಗುವಿಗೆ ತಾಯಿ “ಬಿದ್ದೀಯೆ, ಜೋಕೆ” ಎನ್ನುತ್ತಾಳೆ. ಬೀಳದಿರಲೆಂದು ಹೇಳುವ ಮಾತಿಗೂ ಬಿದ್ದ ಮೇಲಿನ ಧಾತುರೂಪವೇ ಬುಡ. ಮಳೆ ಬಂದೀತು, ಅವನು ಬಂದಾನು, ಬಂದರೆ ನೋಡೋಣ, ಇವೆಲ್ಲವೂ ಮುಂದಿನ ಮಾತುಗಳು; ಇವೆಲ್ಲಕ್ಕೂ ‘ಬಂದ’ ಎಂಬುದೇ ಬೇರು. ನಾಳೆಯ ಮಳೆಯನ್ನು ನಿನ್ನೆಯ ರೂಪದಲ್ಲಿ ಹೇಳುವ ಭಾಷೆ ನಮ್ಮದು.

ವಿಚಿತ್ರವೆಂದರೆ ಇಂಗ್ಲಿಷೂ ಇದನ್ನೇ ಮಾಡುತ್ತದೆ; ಪಟ್ಟಿ ಮಾತ್ರ ಅದನ್ನು ಹೇಳುವುದಿಲ್ಲ. ನನಗೆ ಗೊತ್ತಿದ್ದರೆ ಹೇಳುತ್ತಿದ್ದೆ ಎಂಬುದಕ್ಕೆ ಅವರು ‘ಇಫ್ ಐ ನ್ಯೂ’ ಎನ್ನುತ್ತಾರೆ. ಮಾತು ಇವತ್ತಿನದು, ರೂಪ ಭೂತ. ಮಲಗದೆ ಕುಣಿಯುತ್ತಿರುವ ಮಗುವಿಗೆ, ನೀನು ಮಲಗುವ ಹೊತ್ತಾಯಿತು ಎನ್ನಲು ‘ಇಟ್ಸ್ ಟೈಮ್ ಯೂ ವೆಂಟ್ ಟು ಬೆಡ್’. ಸಭ್ಯನಾದ ಅಂಗಡಿಯವನು ಎದುರಿಗೆ ನಿಂತ ಗಿರಾಕಿಗೆ ‘ವಾಟ್ ಡಿಡ್ ಯೂ ವಾಂಟ್’ ಎಂದು ಕೇಳುತ್ತಾನೆ. ನಿನ್ನೆ ಏನು ಬೇಕಾಗಿತ್ತೆಂದು ಅವನು ಕೇಳುತ್ತಿಲ್ಲ. ಕಾಲ ಬೇರೆ, ಕ್ರಿಯಾಪದದ ಕಾಲರೂಪ ಬೇರೆ ಎಂದು ಡೆನ್ಮಾರ್ಕಿನ ಆಟೊ ಯೆಸ್ಪರ್ಸನ್ 1924ರಲ್ಲಿಯೇ ಒತ್ತಿ ಹೇಳಿದ. ಇಂಗ್ಲಿಷಿನಲ್ಲಿ ಅವೆರಡಕ್ಕೂ ಬೇರೆ ಬೇರೆ ಹೆಸರುಂಟು: ‘ಟೈಮ್’, ‘ಟೆನ್ಸ್’. ನಾವು ಎರಡನ್ನೂ ‘ಕಾಲ’ ಎಂದೇ ಕರೆದು, ಹೆಸರು ಒಂದಾದ ಮೇಲೆ ವಸ್ತುವೂ ಒಂದೇ ಎಂದುಕೊಂಡೆವು. ಅದರ ಮೇಲೆ ‘ಭೂತ’ ಎಂಬ ಮಾತು ಬೇರೆ. ಪಾಠ ಶುರುವಾದೊಡನೆ ಹಿಂದಿನ ಬೆಂಚಿನಲ್ಲಿ ನಗು ಏಳುತ್ತದೆ.

ನನಗೆ ತೋರುವ ಮಟ್ಟಿಗೆ ವ್ಯತ್ಯಾಸದ ತಿರುಳು ಹೀಗಿದೆ. ಇಂಗ್ಲಿಷಿನ ಭೂತರೂಪ ಎಲ್ಲವನ್ನೂ ಒಂದು ತೋಳು ದೂರ ಸರಿಸುತ್ತದೆ: ಇಂದಿನಿಂದ ದೂರ, ನಿಜದಿಂದ ದೂರ, ಒರಟುತನದಿಂದಲೂ ದೂರ. ಕನ್ನಡದ ಭೂತರೂಪ ಹೆಚ್ಚಾಗಿ ಕೆಲಸವನ್ನು ಮುಗಿಸಿಬಿಡುತ್ತದೆ, ಖಚಿತಮಾಡುತ್ತದೆ. ಹೋಟೆಲಿನ ಹುಡುಗ “ಬಂದೆ” ಎಂದಾಗ ತನ್ನ ಬರವನ್ನು ದೂರ ಸರಿಸುತ್ತಿಲ್ಲ. ಬಂದಾಯಿತೆಂದೇ ತಿಳಿಯಿರಿ ಎಂದು ಭರವಸೆ ಕೊಡುತ್ತಿದ್ದಾನೆ. ಭರವಸೆ ಸುಳ್ಳಾಗುವುದು ವ್ಯಾಕರಣದ ದೋಷವಲ್ಲ. ನಮ್ಮ ಶಾಸನಗಳ ‘ಕೊಟ್ಟರು’ ಕೂಡ ಇಂಥದೇ ಭೂತ. ದೇವರ ನೈವೇದ್ಯಕ್ಕೆಂದು ಊರನ್ನು ಕೊಟ್ಟರು ಎಂದು ಕಲ್ಲಿನಲ್ಲಿ ಕೊರೆಯುತ್ತಾರೆ. ಸೂರ್ಯಚಂದ್ರರಿರುವವರೆಗೆ ನಡೆಯಬೇಕೆಂದು ಅದರ ಬೆನ್ನಿಗೇ ಹೇಳುತ್ತಾರೆ. ಮುಗಿದ ಕ್ರಿಯೆ, ಮುಗಿಯದ ಫಲ. ಅದನ್ನು ‘ಗೇವ್’ ಎಂದು ಅನುವಾದಿಸಿದಾಗ ತಪ್ಪೇನೂ ಆಗುವುದಿಲ್ಲ; ಕಲ್ಲು ಮಾತ್ರ ಸ್ವಲ್ಪ ಹಗುರವಾಗುತ್ತದೆ.

ಈಗ ನಮ್ಮವರು ಹೆಚ್ಚು ಎಡವುವ ಕಲ್ಲಿಗೆ ಬರೋಣ. “ಹೋದ ಭಾನುವಾರ ಹಂಪಿಗೆ ಹೋಗಿದ್ದೆ” ಎನ್ನುತ್ತೇವೆ. ‘ಹೋದೆ’ ಎನ್ನುವುದಿಲ್ಲ. ‘ಹೋದೆ’ ಎಂದರೆ ಕೇಳುವವರು “ಹೂಂ, ಆಮೇಲೆ?” ಎನ್ನುತ್ತಾರೆ, ಕಥೆ ಶುರುವಾದಂತೆ. ‘ಹೋಗಿದ್ದೆ’ ಎಂದರೆ ಹೋಗಿ, ಇದ್ದು, ಮರಳಿ ಬಂದೂ ಆಯಿತು. ಮಗ ಬೆಂಗಳೂರಿಗೆ ‘ಹೋಗಿದ್ದಾನೆ’ ಎಂದರೆ ಇನ್ನೂ ಅಲ್ಲಿದ್ದಾನೆ, ‘ಹೋಗಿದ್ದ’ ಎಂದರೆ ಮನೆಗೆ ಬಂದಿದ್ದಾನೆ. ಒಂದು ದೀರ್ಘಾಕ್ಷರದಲ್ಲಿ ತಾಯಿಯ ಚಿಂತೆಯೂ ನೆಮ್ಮದಿಯೂ ಅಡಗಿವೆ. ಈ ಸೊಗಸಾದ ‘ಹೋಗಿದ್ದೆ’ಯ ಎದುರಿಗೆ ನಮ್ಮ ಪಟ್ಟಿ ‘ಹ್ಯಾಡ್ ಗಾನ್’ ಎಂದು ಬರೆದಿದೆ. ಹೀಗಾಗಿ ಎಂ.ಎ. ಮುಗಿಸಿದವರೂ ಸಂದರ್ಶನದಲ್ಲಿ ಕುಳಿತು ‘ಐ ಹ್ಯಾಡ್ ಗಾನ್ ಟು ಹಂಪಿ ಲಾಸ್ಟ್ ಸಂಡೇ’ ಎನ್ನುತ್ತಾರೆ. ಕೇಳುವ ಇಂಗ್ಲಿಷ್ ಕಿವಿ ಕಾಯುತ್ತದೆ: ಹೋಗಿದ್ದಿರಿ, ಯಾವುದಕ್ಕೆ ಮೊದಲು? ಮಳೆ ಬರುವುದಕ್ಕೆ ಮೊದಲೋ, ನೆಂಟರು ಬರುವುದಕ್ಕೆ ಮೊದಲೋ? ಇನ್ನೊಂದು ಪಾದ ನೆಲಕ್ಕೆ ಬೀಳುವುದೇ ಇಲ್ಲ. ಅವರ ‘ಹ್ಯಾಡ್’ ಒಂಟಿಯಾಗಿ ಬಾಳದು. ನಮ್ಮ ‘ಇದ್ದೆ’ಗೆ ಜೊತೆ ಬೇಡ. ಹಾಗೆಯೇ “ಅವನು ನಿನ್ನೆಯೇ ಬಂದಿದ್ದಾನೆ” ಎಂಬುದು ಒಳ್ಳೆಯ ಕನ್ನಡ. ಬಂದದ್ದು ನಿನ್ನೆ, ಇರುವುದು ಇಂದು, ಎರಡನ್ನೂ ಒಂದೇ ಕ್ರಿಯಾಪದ ಹೊರುತ್ತದೆ. ಇಂಗ್ಲಿಷಿನಲ್ಲಿ ‘ಹ್ಯಾಸ್ ಕಮ್’ ಎಂಬುದಕ್ಕೂ ‘ಯೆಸ್ಟರ್‌ಡೇ’ ಎಂಬುದಕ್ಕೂ ಹಗೆ.

ಇವು ಬುದ್ಧಿ ಸಾಲದೆ ಆಗುವ ತಪ್ಪುಗಳಲ್ಲ. ಕನ್ನಡ ಚೆನ್ನಾಗಿ ಬರುವುದರಿಂದ ಆಗುವ ತಪ್ಪುಗಳು. ಹುಡುಗ ತನ್ನ ಭಾಷೆಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದಾನೆ. ಅವನ ನಿಷ್ಠೆಗೆ ನಾವು ಕೆಂಪು ಗೆರೆ ಎಳೆಯುತ್ತೇವೆ, ಕಾರಣ ಹೇಳುವುದಿಲ್ಲ. “ಕಾಮನ್ ಮಿಸ್ಟೇಕ್ಸ್” ಎಂದು ಒಂದು ಪಟ್ಟಿಯಲ್ಲಿ ಅದನ್ನು ಸೇರಿಸುತ್ತೇವೆ. ಸಂಡೂರಿನ ಗಣಿ ಗುಡ್ಡಗಳ ಕೆಳಗಿನ ಹಳ್ಳಿಗಳಿಂದ, ಕಂಪ್ಲಿಯ ಗದ್ದೆಗಳ ನಡುವಿನಿಂದ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು ನನ್ನ ತರಗತಿಯಲ್ಲಿ ಬಹಳ ಮಂದಿ. ಪೇಟೆಯ ಕಾನ್ವೆಂಟಿನಿಂದ ಬಂದವನು ಕಿವಿಯ ಅಭ್ಯಾಸದಿಂದ ‘ವೆಂಟ್’ ಎನ್ನುತ್ತಾನೆ. ಇವರಿಗೆ ಆ ಕಿವಿ ಇಲ್ಲ. ಇವರಿಗೆ ಬೇಕಾದದ್ದು ಕಾರಣ, ಸಿಕ್ಕಿದ್ದು ಪಟ್ಟಿ. ನೌಕರಿಯ ಬಾಗಿಲಲ್ಲಿ ಎರಡು ನಿಮಿಷದೊಳಗೆ ಇವರನ್ನು ಅಳೆದು ಬಿಡುವುದು ಈ ‘ಹ್ಯಾಡ್ ಗಾನ್’ ಎಂಬ ಅಳತೆಗೋಲಿನಿಂದಲೇ.

ಈ ಅನ್ಯಾಯ ಎದ್ದು ಕಾಣುವುದು ಹಳೆಯ ಪುಸ್ತಕಗಳನ್ನು ತೆರೆದಾಗ. ಕನ್ನಡಕ್ಕೆ ಇಂಗ್ಲಿಷಿನಲ್ಲಿ ವ್ಯಾಕರಣ ಬರೆದವರ ಸಾಲು ದೊಡ್ಡದು: 1817ರಲ್ಲಿ ಸೆರಾಂಪುರದ ಕೇರಿ, 1820ರಲ್ಲಿ ಮದರಾಸಿನ ಮೆಕೆರೆಲ್, 1859ರಲ್ಲಿ ಬೆಂಗಳೂರಿನ ಹಾಡ್ಸನ್, 1903ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿಂದ ಕಿಟೆಲ್. ಅವರ ಗುರಿ ಮತಪ್ರಚಾರವೋ ರಾಜ್ಯಭಾರವೋ ಏನಾದರೂ ಆಗಿರಲಿ. ಇಂಗ್ಲಿಷ್ ಬಲ್ಲವನಿಗೆ ಕನ್ನಡ ಕಲಿಸುವಾಗ ಅವರು ನಮ್ಮ ‘ಬಂದಾನು’ವನ್ನು ಕಂಡು ಬೆರಗಾಗಿ, ಅದಕ್ಕೊಂದು ಹೆಸರಿಟ್ಟು, ಅದು ಎಲ್ಲಿ ಸಲ್ಲುತ್ತದೆಂದು ವಿವರಿಸುವ ಶ್ರಮಪಟ್ಟರು. ಕಿಟೆಲ್ಲರಂತೂ ಕೇಶಿರಾಜನನ್ನು ಎದುರಿಗಿಟ್ಟುಕೊಂಡು ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಜೋಡಿಸಿ ನೋಡಿದರು. ಹೋಗುವ ದಾರಿಯಲ್ಲಿ ಅಷ್ಟು ದೀಪಗಳು. ಬರುವ ದಾರಿಯಲ್ಲಿ, ಎಂದರೆ ಕನ್ನಡದಿಂದ ಇಂಗ್ಲಿಷಿಗೆ, ನಮ್ಮ ಮಕ್ಕಳ ಕೈಗೆ ಒಂದು ಕಡ್ಡಿಪೆಟ್ಟಿಗೆ.

ಕೇಶಿರಾಜನ ಮಾತು ಬಂತು. ಹದಿಮೂರನೆಯ ಶತಮಾನದ ಆ ವೈಯಾಕರಣ ‘ಶಬ್ದಮಣಿದರ್ಪಣ’ದಲ್ಲಿ ಭೂತಕ್ಕೆ ‘ದ’, ಭವಿಷ್ಯತ್ತಿಗೆ ‘ವ’, ವರ್ತಮಾನಕ್ಕೆ ‘ದಪ’ ಎಂದು ಪ್ರತ್ಯಯಗಳನ್ನು ಗುರುತಿಸಿದ. ವರ್ತಮಾನದ ‘ದಪ’ದೊಳಗೆ ಭೂತದ ‘ದ’ ಕುಳಿತಂತೆ ಕಾಣುವುದನ್ನು ನೋಡಿದಾಗಲೆಲ್ಲ ನನಗೆ ಹೋಟೆಲಿನ ಹುಡುಗನ ನೆನಪು. ಆ ‘ದಪ’ ಅಳಿಯಿತು. ಈಗಿನ ‘ಬರುತ್ತೇನೆ’ ಇಂದಿಗೂ ಸಲ್ಲುತ್ತದೆ, ನಾಳೆಗೂ ಸಲ್ಲುತ್ತದೆ. ‘ಬರುವೆನು’ ಪುಸ್ತಕ ಸೇರಿಕೊಂಡಿದೆ. ಆದರೂ ಮೂರು ಕಾಲಗಳ ಪಟ್ಟಿ ಅಳಿಯಲಿಲ್ಲ. ಸಂಸ್ಕೃತದ ಅಚ್ಚಿಗೆ ಕನ್ನಡವನ್ನು ಒತ್ತಿದ್ದೇವೆಂದು ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕದಲ್ಲಿ 2000ದಲ್ಲಿ ವಾದಿಸಿದರು. ಅವರ ಎಲ್ಲ ನಿರ್ಣಯಗಳೂ ನನಗೆ ಒಪ್ಪಿಗೆಯಲ್ಲ. ಅವರ ಹೊಸ ಪಾರಿಭಾಷಿಕ ಪದಗಳು ನನ್ನ ನಾಲಗೆಗೆ ಇನ್ನೂ ಹೊಂದಿಲ್ಲ. ಆದರೆ ಮೂಲ ದೂರು ನಿಜ. ಸಂಸ್ಕೃತದ ಅಚ್ಚಿನಿಂದ ಹೊರಬಂದ ಕನ್ನಡವನ್ನೇ ಮತ್ತೆ ಇಂಗ್ಲಿಷಿನ ಅಚ್ಚಿಗೆ ಹಾಕಿ, ಮಕ್ಕಳಿಗೆ ಎರಡು ಭಾಷೆ ಕಲಿಸಿದೆವೆಂದುಕೊಂಡಿದ್ದೇವೆ.

ಸಿವೆಲ್ಲನ ಪುಸ್ತಕದ ಹೆಸರಿನಲ್ಲೇ ಒಂದು ಭೂತವಿದೆ: ಸಾಮ್ರಾಜ್ಯಕ್ಕೆ ಅವನು ಕೊಟ್ಟ ವಿಶೇಷಣ ‘ಫರ್ಗಾಟನ್’. ಇದನ್ನು ಕನ್ನಡಕ್ಕೆ ತನ್ನಿ ಎಂದು ತರಗತಿಗೆ ಹೇಳಿದೆ. “ಮರೆತ ಸಾಮ್ರಾಜ್ಯ” ಎಂದರು. ಹಾಗೆಂದರೆ ಸಾಮ್ರಾಜ್ಯವೇ ಏನನ್ನೋ ಮರೆತಿತೆಂದೂ ಆದೀತು. “ಮರೆತುಹೋದ” ಎಂದರು, ಸ್ವಲ್ಪ ವಾಸಿ. ಆದರೂ ಕನ್ನಡ ಬೆನ್ನು ಬಿಡದೆ ಕೇಳುತ್ತದೆ: ಯಾರಿಗೆ ಮರೆತುಹೋದದ್ದು? ಇಂಗ್ಲಿಷಿನ ಕೃದಂತಕ್ಕೆ ಆ ಪ್ರಶ್ನೆಯ ಕಾಟವಿಲ್ಲ. ಮರೆತವರ ಹೆಸರು ಹೇಳದೆ ಮರೆವನ್ನು ಸಾಧಿಸಬಹುದು. 1900ರಲ್ಲಿ ಲಂಡನ್ನಿನ ಓದುಗರಿಗೆ ಮರೆತಿತ್ತೆಂದರೆ ಒಪ್ಪೋಣ. ವಿರೂಪಾಕ್ಷನ ತೇರು ಎಳೆಯುತ್ತಿದ್ದವರಿಗೆ, ಕುಮಾರರಾಮನ ಕಥೆ ಹೇಳುತ್ತಿದ್ದವರಿಗೆ? ಇಷ್ಟಾಗಿಯೂ ಸಿವೆಲ್ಲನ ಋಣ ದೊಡ್ಡದು. ಅವನ ಶ್ರಮವಿಲ್ಲದಿದ್ದರೆ ಪಾಯಸನ ‘ಇದೆ’ ನನ್ನ ಹುಡುಗರಿಗೆ ತಲುಪುತ್ತಲೇ ಇರಲಿಲ್ಲ.

ಭೂತರೂಪವೇ ಸಲ್ಲುವ ಮಾತುಗಳೂ ಹಂಪಿಯಲ್ಲಿವೆ, ಇಲ್ಲವೆನ್ನಲಾರೆ. ವಿರೂಪಾಕ್ಷನ ಎದುರಿನ ಬೀದಿಯ ಕಲ್ಲು ಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು 2011ರಲ್ಲಿ ಎಬ್ಬಿಸಿದರು. ಅಲ್ಲಿ ಚಹ ಕುಡಿಯುತ್ತಿದ್ದೆವು ಎಂದು ಈಗ ಹೇಳುವಾಗ ‘ಕುಡಿಯುತ್ತಿದ್ದೆವು’ ಅನುವಾದವಲ್ಲ. ಆ ತೆರವು ಸರಿಯೋ ತಪ್ಪೋ ಎಂಬ ವಾದ ಈ ಪುಟದ್ದಲ್ಲ. ‘ಇತ್ತು’ ಎಂಬ ಮಾತನ್ನು ಅದು ನಿಜವಾದ ಕಡೆಗೆಂದು ಕಾಯ್ದಿಟ್ಟುಕೊಳ್ಳಬೇಕೆಂಬಷ್ಟೇ ನನ್ನ ಅಳಲು.

ಇನ್ನೊಂದು ವಿಷಯ ಉಳಿದಿದೆ. ಅದನ್ನು ಬರೆಯಲೋ ಬೇಡವೋ ಎಂದು ಹಿಂಜರಿದೆ. ಕನ್ನಡದಲ್ಲಿ ಕ್ರಿಯಾಪದವೇ ಇಲ್ಲದ ವಾಕ್ಯಗಳುಂಟು. “ಅವರು ನಮ್ಮ ತಂದೆ.” “ಕೃಷ್ಣದೇವರಾಯ ವಿಜಯನಗರದ ಅರಸ.” ಕ್ರಿಯಾಪದವಿಲ್ಲ, ಆದ್ದರಿಂದ ಕಾಲವಿಲ್ಲ, ಬದುಕಿರುವವರಿಗೂ ಸಲ್ಲುತ್ತದೆ, ಹೋದವರಿಗೂ ಸಲ್ಲುತ್ತದೆ. ಇಂಗ್ಲಿಷ್ ಈ ಬಾಗಿಲಲ್ಲಿ ಯಾರನ್ನೂ ಸುಮ್ಮನೆ ಒಳಗೆ ಬಿಡದು. ‘ಇಸ್’ ಅಥವಾ ‘ವಾಸ್’, ಒಂದನ್ನು ಆರಿಸಿ ಬಾ ಎನ್ನುತ್ತದೆ.

ವಡ್ಡು ಕಡೆಯಿಂದ ಬರುವ ಹುಡುಗಿಯೊಬ್ಬಳಿದ್ದಾಳೆ. ಬೆಳಿಗ್ಗೆ ತೋರಣಗಲ್ಲಿನ ಕಡೆಯ ಬಸ್ಸು ಹಿಡಿದು ಬರುವಷ್ಟರಲ್ಲಿ ಮೊದಲ ಪಾಠ ಅರ್ಧ ಮುಗಿದಿರುತ್ತದೆ. ತನ್ನ ಮನೆಯ ಬಗ್ಗೆ ಮೊದಲು ಕನ್ನಡದಲ್ಲಿ ಹತ್ತು ವಾಕ್ಯ, ಆಮೇಲೆ ಅವನ್ನೇ ಇಂಗ್ಲಿಷಿನಲ್ಲಿ ಬರೆಯಬೇಕೆಂದು ಕೊಟ್ಟಿದ್ದೆ. ಕನ್ನಡದಲ್ಲಿ ಅವಳು “ನಮ್ಮಪ್ಪ ಲಾರಿ ಡ್ರೈವರ್” ಎಂದು ಬರೆದಿದ್ದಳು. ಇಂಗ್ಲಿಷಿನಲ್ಲಿ ‘ಮೈ ಫಾದರ್ ಈಸ್ ಎ ಲಾರಿ ಡ್ರೈವರ್’. ಎರಡು ವಾಕ್ಯಗಳ ಕೆಳಗೆ, ಅವರು ತೀರಿಕೊಂಡು ಮೂರು ವರ್ಷವಾಯಿತೆಂದಿತ್ತು. ನಾನು ‘ಈಸ್’ ಹೊಡೆದು ‘ವಾಸ್’ ಎಂದು ಕೆಂಪಿನಲ್ಲಿ ಬರೆದೆ. ಪತ್ರಿಕೆಗಳ ರಾಶಿ ದೊಡ್ಡದಿತ್ತು. ಕೈ ತಾನಾಗಿ ಓಡುತ್ತಿತ್ತು.

ಪತ್ರಿಕೆ ಹಿಂತಿರುಗಿಸಿದ ದಿನ ಅವಳು ಎಲ್ಲರೂ ಹೋಗುವವರೆಗೆ ನಿಂತಿದ್ದು, “ಸರ್, ಇಲ್ಲಿ ಏನು ತಪ್ಪಾಗೈತಿ?” ಎಂದಳು. ನಿಯಮ ಹೇಳಿದೆ. ತಲೆಯಾಡಿಸಿದಳು. ಸ್ವಲ್ಪ ಹೊತ್ತು ಬಿಟ್ಟು, “ಕನ್ನಡದಾಗ ಬರೆದಿದ್ದು ಸರಿ ಐತೇನ್ರಿ?” ಎಂದಳು. ಸರಿಯಿದೆಯಮ್ಮ ಎಂದೆ. “ಅದೇ ಅಲ್ರಿ ಸರ್ ಇದು?” ಎಂದಳು.

ಅದೇ ಅಲ್ಲವೆಂದು ವಿವರಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಈ ಲೇಖನದಲ್ಲಿ ಮೇಲೆ ಬರೆದಿರುವ ಎಷ್ಟೋ ಮಾತುಗಳನ್ನು ನಾನು ಮೊದಲು ಆಡಿದ್ದು ಆ ಅರ್ಧ ಗಂಟೆಯಲ್ಲಿ, ಖಾಲಿ ಕೊಠಡಿಯಲ್ಲಿ, ಅವಳೊಬ್ಬಳಿಗೆ. ಇಂಗ್ಲಿಷಿನ ‘ವಾಸ್’ ನಿಮ್ಮಪ್ಪನನ್ನು ದೂರ ಮಾಡುತ್ತಿಲ್ಲ, ಅವರ ಲಾರಿಯನ್ನು ಮಾತ್ರ ದೂರ ನಿಲ್ಲಿಸುತ್ತದೆ ಎಂದು ಏನೋ ಹೇಳಿದ ನೆನಪು. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. “ಬರ್ತೀನ್ರಿ ಸರ್” ಎಂದಳು, ಹೋಗುವುದಕ್ಕೆ.

ಮರುವಾರ ತಿದ್ದಿದ ಪ್ರತಿ ಬಂತು. ಲಾರಿ ಡ್ರೈವರ್ ಎಂಬಲ್ಲಿ ‘ವಾಸ್’ ಹಾಕಿದ್ದಳು. ಅದರ ಮುಂದೆ ಮೊದಲಿಲ್ಲದ ಒಂದು ವಾಕ್ಯ ಸೇರಿಸಿದ್ದಳು: ‘ಹೀ ಈಸ್ ಮೈ ಫಾದರ್’. ಇಂಗ್ಲಿಷ್ ವಿಭಾಗದ ಮಿತ್ರರಿಗೆ ತೋರಿಸಿದೆ. ವ್ಯಾಕರಣದ ಪ್ರಕಾರ ತಪ್ಪಿಲ್ಲ, ಆದರೆ ಆ ವಾಕ್ಯ ಅಲ್ಲಿ ಅನಾವಶ್ಯಕ ಎಂದರು. ನಾನು ಅದನ್ನು ಹಾಗೆಯೇ ಬಿಟ್ಟೆ.